ಹನ್ನೆರಡು ಗಂಟೆಯ ಸಿಪಾಯಿ

ಎಲ್ಲಕ್ಕೂ ಮೂಲ ಒಂದು ಚಿಟಿಕೆ ನಸ್ಯ. ಆ ನಸ್ಯ ಗಂಟೆಯಣ್ಣನದಲ್ಲ, ಅವನ ಅತ್ತೆಯದು. ಗಂಟೆಯಣ್ಣನಿಗೆ ಅಂಥ ಯಾವ ಚಟವೂ ಇರಲಿಲ್ಲ. ಇದ್ದಿದ್ದರೆ ಮೂಗು ಪಳಗಿರುತ್ತಿತ್ತು. ಹೇಳುವುದಕ್ಕೆ ಈ ಕತೆಯೂ ಇರುತ್ತಿರಲಿಲ್ಲ.

ಊರಿನ ಹಳೆಯ ಚೌಕದ ನಡುವೆ ಒಂದು ಗಡಿಯಾರದ ಗೋಪುರವಿತ್ತು. ಅದರ ನಡುವಿನ ಅಂತಸ್ತಿನಲ್ಲಿ ಜೋಡಿ ಬಾಗಿಲಿನ ಗೂಡು. ದಿನವೂ ಮಧ್ಯಾಹ್ನ ಹನ್ನೆರಡಕ್ಕೆ ಆ ಬಾಗಿಲು ತೆರೆದು, ಆಳೆತ್ತರದ ಮರದ ಸಿಪಾಯಿಯೊಬ್ಬ ಹಲಗೆಯೊಂದರ ಮೇಲೆ ನಿಂತು ಹೊರಗೆ ಜಾರಿ ಬರುತ್ತಿದ್ದ. ಎಡಕ್ಕೊಮ್ಮೆ ಬಲಕ್ಕೊಮ್ಮೆ ಕತ್ತು ತಿರುಗಿಸುವನು, ಸಲಾಮು ಹೊಡೆಯುವನು, ಪಕ್ಕದ ಗಂಟೆಯನ್ನು ಕೊಡತಿಯಿಂದ ಹನ್ನೆರಡು ಸಲ ಬಡಿದು ಬಂದ ದಾರಿಯಲ್ಲೇ ಒಳಗೆ ಸರಿಯುವನು. ಪ್ರವಾಸಿಗರಿಗೆ ಹಂಚುವ ಬಣ್ಣದ ಹಾಳೆಯಲ್ಲಿ ‘ಶತಮಾನಗಳಿಂದ ಮನುಷ್ಯರ ಕೈ ಸೋಕದೆ ತಾನೇ ತಾನಾಗಿ ನಡೆಯುತ್ತಿರುವ ಯಂತ್ರಪುರುಷ’ ಎಂದು ಅವನ ವರ್ಣನೆ ಅಚ್ಚಾಗಿತ್ತು.

ಯಂತ್ರ ಕೆಟ್ಟು ನಿಂತದ್ದು ಗಂಟೆಯಣ್ಣನ ಅಪ್ಪನ ಕಾಲದಲ್ಲಿ. ಅಂದಿನಿಂದ ಗೂಡಿನ ಹಿಂದಿನ ಕತ್ತಲಲ್ಲಿ ನಿಂತು ಕಬ್ಬಿಣದ ಚಕ್ರವನ್ನು ಕೈಯಿಂದ ತಿರುಗಿಸಿ, ಹಗ್ಗ ಎಳೆದು ಸಿಪಾಯಿಯನ್ನು ನಡೆಸುತ್ತಿದ್ದದ್ದು ಮೊದಲು ಅಪ್ಪ, ಆಮೇಲೆ ಮಗ. ಇದು ಬೀದಿಯವರಿಗೆಲ್ಲ ಗೊತ್ತಿತ್ತು. ಗೋಪುರದ ಉಸ್ತುವಾರಿ ಹೊತ್ತ ಪ್ರವಾಸ ಇಲಾಖೆಯ ಕಚೇರಿಗೆ ಮಾತ್ರ ಗೊತ್ತಿರಲಿಲ್ಲ. ಕಚೇರಿಯ ಲೆಕ್ಕದಲ್ಲಿ ಗಂಟೆಯಣ್ಣ ಕೇವಲ ಗೋಪುರದ ಕಾವಲುಗಾರ. ಕೆಲಸದ ಜೊತೆಗೆ ಗೋಪುರದ ಬುಡದ ಎರಡು ಕೋಣೆಗಳೂ ಸಿಕ್ಕಿದ್ದವು. ಒಂದರಲ್ಲಿ ಗಂಡ ಹೆಂಡತಿ, ಇನ್ನೊಂದರಲ್ಲಿ ಅತ್ತೆ ಮತ್ತು ಅತ್ತೆಯ ಅಭಿಪ್ರಾಯಗಳು.

ಆ ದಿನ ಪ್ರವಾಸಿಗರ ಬಸ್ಸಿನ ಜೊತೆ ಕಚೇರಿಯ ಸಾಹೇಬರೂ ಬರುವವರಿದ್ದರು. ಊರಿನಲ್ಲಿ ಪ್ರವಾಸಿಗರಿಗೆ ತೋರಿಸುವ ಜಾಗಗಳು ಹೆಚ್ಚಾಗಿವೆಯೆಂದೂ ಸತ್ವವಿಲ್ಲದವನ್ನು ಕೈಬಿಡಬೇಕೆಂದೂ ತೀರ್ಮಾನವಾಗಿತ್ತು. ಸಿಪಾಯಿ ಮೆಚ್ಚುಗೆಯಾದರೆ ಗೋಪುರ ಉಳಿಯುತ್ತದೆ. ಇಲ್ಲವಾದರೆ ಅದಕ್ಕೆ ಬೀಗ. ಗೋಪುರಕ್ಕೆ ಬೀಗ ಬಿದ್ದರೆ ಆ ಎರಡು ಕೋಣೆಗಳಿಗೂ ಬಿತ್ತೆಂದೇ ಅರ್ಥ.

ಆದ್ದರಿಂದ ಗಂಟೆಯಣ್ಣ ಬೆಳಿಗ್ಗೆ ಎದ್ದವನೇ ಹಳೆಯ ಬನಿಯನ್ನು ತೊಟ್ಟು, ಏಣಿ ಹತ್ತಿ, ಸಿಪಾಯಿಯ ಮುಖ ಒರೆಸಲು ನಿಂತ. ಒರೆಸುವ ಬಟ್ಟೆ ಅತ್ತೆಯ ಕಿಟಕಿಯ ಮೇಲೆ ಸಿಕ್ಕಿದ್ದು. ಅತ್ತೆ ನಸ್ಯ ಏರಿಸಿದ ಮೇಲೆ ಬೆರಳು ಒರೆಸಿಕೊಳ್ಳುತ್ತಿದ್ದದ್ದು ಅದೇ ಬಟ್ಟೆಗೆ. ಗಂಟೆಯಣ್ಣ ಅದನ್ನು ಫಟಾರೆಂದು ಒಮ್ಮೆ ಕೊಡವಿದ.

ಮೊದಲನೆಯ ಸೀನಿಗೆ ಏಣಿ ಅಲುಗಿತು. ಎರಡನೆಯದಕ್ಕೆ ಅವನು ಆಧಾರಕ್ಕೆಂದು ಸಿಪಾಯಿಯ ಕತ್ತು ತಬ್ಬಿದ. ಮೂರನೆಯದಕ್ಕೆ ಸಿಪಾಯಿ ಹಲಗೆ ಬಿಟ್ಟು, ಯುದ್ಧಕ್ಕೆ ಕರೆ ಬಂದವನಂತೆ ಸುರುಳಿ ಮೆಟ್ಟಿಲಿನಲ್ಲಿ ಧಡಧಡನೆ ಇಳಿದು, ಕೆಳಗೆ ಕೂತಿದ್ದ ಅತ್ತೆಯ ಪಾದದ ಬಳಿ ಬಂದು ಬಿದ್ದ.

ಅತ್ತೆ ಬಗ್ಗಿ ನೋಡಿದರು.

“ಅಳಿಯಂದಿರು ಅಂದ್ಕೊಂಡೆ. ಇವನಾದ್ರೂ ಬಿದ್ದ ಮೇಲೆ ಸುಮ್ನೆ ಇದಾನೆ.”

ಸದ್ದು ಕೇಳಿ ಎದುರು ಅಂಗಡಿಗಳಿಂದ ಬಡಗಿಯೂ ದರ್ಜಿಯೂ ಓಡಿ ಬಂದರು. ಬಡಗಿ ಸಿಪಾಯಿಯ ಪಕ್ಕದಲ್ಲಿ ಮೊಣಕಾಲೂರಿ, ನಾಡಿ ಹಿಡಿಯುವ ವೈದ್ಯನ ಗಾಂಭೀರ್ಯದಿಂದ ಅಲ್ಲಲ್ಲಿ ಒತ್ತಿ ನೋಡಿದ.

“ಕತ್ತು ಹೋಗಿದೆ. ಒಂದು ಕಾಲು ಹೋಗಿದೆ. ಇನ್ನೊಂದು ಕಾಲು ಇದೆ, ಆದ್ರೆ ಗೆದ್ದಲು ಹಿಡಿದಿದೆ. ಒಟ್ನಲ್ಲಿ ಟೋಪಿ ಚೆನ್ನಾಗಿದೆ.”

“ಹನ್ನೆರಡಕ್ಕೆ ನಿಲ್ಸೋಕಾಗುತ್ತಾ?” ಗಂಟೆಯಣ್ಣ ಮೇಲಿನಿಂದ ಇಳಿದು ಬಂದು ಕೇಳಿದ.

“ಅಂಟು ಒಣಗಬೇಕಲ್ಲಪ್ಪ. ಸಂಜೆಗೆ ಕೊಡ್ತೀನಿ.”

“ಬಿಸಿಲಲ್ಲಿ ಇಟ್ರೆ ಬೇಗ ಒಣಗಲ್ವಾ?”

“ನಿನ್ನ ಬಿಸಿಲಲ್ಲಿ ನಿಲ್ಸಿದ್ರೆ ಬೇಗ ಬುದ್ಧಿ ಬರುತ್ತಾ? ಅಂಟೂ ಹಂಗೇ.”

ಸಿಪಾಯಿಯ ಮೇಲಿದ್ದದ್ದು ನಿಜವಾದ ಬಟ್ಟೆಯ ಸಮವಸ್ತ್ರ. ಅದನ್ನು ಕಳಚಿ ತೆಗೆದಿಟ್ಟು, ಬರಿಯ ಮರದ ಮೈಗೆ ಬಿಳಿಯ ಹೊದಿಕೆ ಸುತ್ತಿ, ತಲೆಯ ಕಡೆ ಬಡಗಿ, ಕಾಲಿನ ಕಡೆ ದರ್ಜಿ ಹಿಡಿದುಕೊಂಡು ಚೌಕ ದಾಟಲು ಹೊರಟರು. ಪ್ರವಾಸಿಗರ ಬಸ್ಸು ಬಂದು ನಿಂತದ್ದೂ ಅದೇ ಹೊತ್ತಿಗೆ. ಇಳಿದ ಪ್ರವಾಸಿಗರು ಬಿಳಿಯ ಹೊದಿಕೆಯನ್ನು ಕಂಡು ಟೋಪಿ ತೆಗೆದು ತಲೆ ತಗ್ಗಿಸಿ ಸಾಲಾಗಿ ನಿಂತರು. ಬಡಗಿಗೆ ಇದರಿಂದ ಬಹಳ ಸಂಕೋಚವಾಯಿತು. ಅವನೂ ತಲೆ ತಗ್ಗಿಸಿದ. ತಗ್ಗಿಸಿದ್ದರಿಂದ ದಾರಿ ಕಾಣದೆ ದೀಪದ ಕಂಬಕ್ಕೆ ಗುದ್ದಿದ. ಹೊದಿಕೆಯೊಳಗಿಂದ ಟೊಕ್ಕೆಂದು ಒಣಸದ್ದು ಬಂತು.

“ಪಾಪ, ತುಂಬ ದಿನ ಕಾಯಿಲೆ ಇತ್ತು ಅನ್ಸುತ್ತೆ, ಮೂಳೆಯೇ ಉಳಿದಿದೆ,” ಎಂದಳು ಪ್ರವಾಸಿಗರಲ್ಲೊಬ್ಬಳು.

ಮೂಲೆಯ ತರಕಾರಿಯವಳು ಹೆಣ ಹೊರಟ ಬಾಗಿಲು ಯಾವುದೆಂದು ನೋಡಿಕೊಂಡಳು, ವಯಸ್ಸಿನ ಲೆಕ್ಕ ಹಾಕಿದಳು, ಸೆರಗು ಬಾಯಿಗೊತ್ತಿಕೊಂಡು ಗೋಪುರಕ್ಕೆ ಓಡಿದಳು.

“ಅಯ್ಯೋ, ಅಜ್ಜಿ ಹೋಗ್ಬಿಟ್ರಾ!”

“ಯಾವ ಅಜ್ಜಿ?” ಒಳಗಿನಿಂದ ಅತ್ತೆ ಕೇಳಿದರು.

“ನೀವೇ ಅಜ್ಜಿ!”

“ನಾನೆಲ್ಲೂ ಹೋಗಿಲ್ಲ. ಹೋಗೋ ಹಾಗಿದ್ರೆ ನಿಂಗೆ ಹೇಳೇ ಹೋಗ್ತೀನಿ. ಅಳು ಅಲ್ಲೀತನಕ ಇಟ್ಕೊಂಡಿರು.”

ತರಕಾರಿಯವಳು ಕಣ್ಣೊರೆಸಿಕೊಂಡು, ಸ್ವಲ್ಪ ನಿರಾಶೆಯಿಂದಲೇ ಹಿಂದಿರುಗಿದಳು.

ಅವಳು ಹೊರಬೀಳುವಷ್ಟರಲ್ಲಿ ಒಳಗೆ ನುಗ್ಗಿದವನು ಗಂಟೆಯಣ್ಣನ ಹೆಂಡತಿಯ ತಮ್ಮ. ಪ್ರವಾಸಿಗರಿಗೆ ಊರು ತೋರಿಸುವ ಗೈಡು ಇವನೇ. ಕೊರಳಲ್ಲಿ ಮೈಕು, ಕೈಯಲ್ಲಿ ಹಳದಿ ಬಾವುಟ, ನಾಲಿಗೆಯಲ್ಲಿ ಬೇಕೆಂದಾಗ ಹುಟ್ಟುವ ಇತಿಹಾಸ.

“ಭಾವ, ಎಲ್ರನ್ನೂ ಹಳೇ ಅರಮನೆ ಒಳಗೆ ಬಿಟ್ಟು ಬಂದಿದೀನಿ. ಸಾಹೇಬರು ಅಲ್ಲಿ ಪ್ರತಿಯೊಂದು ಕುರ್ಚಿನೂ ಪೆನ್ನಲ್ಲಿ ತಟ್ಟಿ ನೋಡ್ತಿದಾರೆ. ಹನ್ನೆರಡಕ್ಕೆ ಸರಿಯಾಗಿ ಇಲ್ಲಿರ್ತಾರೆ. ಸಿಪಾಯಿ ರೆಡಿ ತಾನೇ?”

ಗಂಟೆಯಣ್ಣ ಬರಿದಾದ ಸಮವಸ್ತ್ರವನ್ನು ಎತ್ತಿ ತೋರಿಸಿದ.

ಭಾಮೈದ ಬಾವುಟ ಮಡಚಿಟ್ಟು ಮೆಟ್ಟಿಲ ಮೇಲೆ ಕೂತ.

“ನಿಜ ಹೇಳಿಬಿಡೋಣ,” ಎಂದ ಗಂಟೆಯಣ್ಣ. “ರಿಪೇರಿಗೆ ಹೋಗಿದೆ ಅನ್ನೋಣ.”

“ಕಾರಂಜಿಯವರೂ ಹಂಗೇ ಅಂದಿದ್ರು ಭಾವ. ಕಾರಂಜಿ ಇದ್ದ ಜಾಗದಲ್ಲಿ ಈಗ ಬಸ್ ನಿಲ್ಲಿಸ್ತೀವಿ.”

ಹೆಂಡತಿ ಗೋಡೆಯನ್ನೂ ಪಾತ್ರೆಯ ಕಪಾಟನ್ನೂ ಕಿಟಕಿಯನ್ನೂ ಒಂದೊಂದಾಗಿ ನೋಡಿದಳು. ಯಾವುದನ್ನು ಮೊದಲು ಗಂಟು ಕಟ್ಟುವುದೆಂದು ಯೋಚಿಸುವವಳ ನೋಟ ಅದು. ಅತ್ತೆ ಮಾತ್ರ ಒಮ್ಮೆ ಸಮವಸ್ತ್ರವನ್ನೂ ಒಮ್ಮೆ ಅಳಿಯನನ್ನೂ ನೋಡಿ, ನಸ್ಯದ ಡಬ್ಬಿಯ ಮುಚ್ಚಳ ತೆಗೆದರು. ಅವರಿಗೆ ಯೋಚನೆ ಬರುವ ಮುನ್ನ ಯಾವಾಗಲೂ ನಸ್ಯ ಬರುತ್ತಿತ್ತು.

“ಒಂದೇ ಕಡೆ ನಿಂತ್ಕೊಂಡು ಏನೂ ಮಾಡದೆ ಇರೋದು ನಮ್ಮ ಅಳಿಯಂದಿರಿಗೆ ಚೆನ್ನಾಗಿ ಬರುತ್ತೆ. ಹದಿನೆಂಟು ವರ್ಷದಿಂದ ನೋಡ್ತಿದೀನಿ.”

“ಅಮ್ಮ!” ಎಂದು ಭಾಮೈದ ಎದ್ದು ನಿಂತ. ಅವನ ಕಣ್ಣಿನಲ್ಲಿ ಮತ್ತೆ ಬೆಳಕು ಬಂದಿತ್ತು. “ಅಮ್ಮ, ನೀನು ಇಲಾಖೇಲಿ ಇರ್ಬೇಕಾಗಿತ್ತು.”

ಗಂಟೆಯಣ್ಣನ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಬೊಂಬೆಯಾಗುವ ಅಭ್ಯಾಸ ಅಲ್ಲಿಂದಲೇ ಶುರುವಾಯಿತು ಎನ್ನಬೇಕು.

ಬಡಗಿಯ ಅಂಗಡಿಯಿಂದ ಮರಳಿದ ದರ್ಜಿ ಟೇಪು ಹಿಡಿದು ಕೆಲಸಕ್ಕೆ ನಿಂತ. ಸಿಪಾಯಿಯ ಸೊಂಟಕ್ಕೂ ಗಂಟೆಯಣ್ಣನ ಸೊಂಟಕ್ಕೂ ಇದ್ದ ವ್ಯತ್ಯಾಸವನ್ನು ಅವನು ಎರಡು ಸಲ ಅಳೆದ. ಎರಡನೆಯ ಸಲವೂ ಅದು ಕಡಿಮೆಯಾಗಲಿಲ್ಲ.

“ಗುಂಡಿ ಸೇರಲ್ಲ ಗಂಟೆಯಣ್ಣ. ಉಸಿರು ಒಳಗೆ ಎಳ್ಕೋ.”

“ಎಳ್ಕೊಂಡಿದೀನಿ.”

“ಇದು ಎಳ್ಕೊಂಡಿರೋದಾ?” ದರ್ಜಿ ಕತ್ತರಿ ತೆಗೆದ. “ಹಾಗಾದ್ರೆ ಬೆನ್ನು ಸೀಳ್ಬೇಕು. ಮುಂದೆ ನೋಡೋರಿಗೆ ಸಿಪಾಯಿ, ಹಿಂದೆ ಏನಾದ್ರೂ ಇರ್ಲಿ. ಯಾರು ನೋಡ್ತಾರೆ?”

ಕೋಟನ್ನು ಕೊರಳಿನಿಂದ ನಡುವಿನವರೆಗೆ ಸೀಳಿ, ದಾರದಿಂದ ಅಡ್ಡಡ್ಡ ಬಿಗಿದದ್ದಾಯಿತು. ಸೀಳಿನ ನಡುವೆ ಬನಿಯನ್ನು ಇಣುಕಿತು. ಬನಿಯನ್ನಿನ ತೂತುಗಳ ನಡುವೆ ಗಂಟೆಯಣ್ಣ ಇಣುಕಿದ.

“ಆ ಬನಿಯನ್ ಬಿಸಾಕಿ ಅಂತ ಬೆಳಿಗ್ಗೆನೇ ಬಡ್ಕೊಂಡೆ ಕಣ್ರೀ,” ಎಂದಳು ಹೆಂಡತಿ.

“ಇವತ್ತು ಊರಿಗೆಲ್ಲ ತೋರಿಸ್ತೀನಿ ಅಂತ ನಂಗೆ ಗೊತ್ತಿತ್ತೇನೇ?”

ಅತ್ತೆ ಅಳಿಯನ ಮುಖಕ್ಕೆ ಪೌಡರು ಬಳಿದು, ಕೆನ್ನೆಗೆ ಕೆಂಪು ಹಚ್ಚಿ, ಬೂಟ್ ಪಾಲಿಷಿನಿಂದ ಮೀಸೆ ಬರೆದರು. ಮೀಸೆಯ ಒಂದು ತುದಿ ಮೇಲಕ್ಕೂ ಇನ್ನೊಂದು ತುದಿ ಕೆಳಕ್ಕೂ ಹೋಯಿತು. ಒಂದು ಯುದ್ಧ ಗೆದ್ದು ಇನ್ನೊಂದು ಸೋತ ಸಿಪಾಯಿಯಂತೆ ಕಾಣುತ್ತಿದ್ದ ಅವನನ್ನು ಗೂಡಿನೊಳಗೆ ಹಲಗೆಯ ಮೇಲೆ ನಿಲ್ಲಿಸಿ, ಕೈಗೆ ಕೊಡತಿ ಕೊಟ್ಟರು. ಚಕ್ರ ತಿರುಗಿಸುವ ಹೊಣೆ ಹೆಂಡತಿಗೆ ಬಂತು.

“ಕಣ್ಣು ಮಿಟುಕಿಸ್ಬೇಡಿ,” ಎಂದಳು ಅವಳು.

“ಉಸಿರಾದ್ರೂ ಆಡ್ಬಹುದಾ?”

“ಜನ ಬೇರೆ ಕಡೆ ನೋಡುವಾಗ ಆಡಿ.”

ಗಡಿಯಾರದ ಮುಳ್ಳುಗಳು ಕೂಡಿದವು. ಬಾಗಿಲು ತೆರೆಯಿತು. ಹಲಗೆ ಕಿರುಗುಟ್ಟುತ್ತ ಹೊರಗೆ ಜಾರಿತು.

ಗಂಟೆಯಣ್ಣ ಆ ಚೌಕವನ್ನು ಹುಟ್ಟಿದಾಗಿನಿಂದ ಕಂಡಿದ್ದ. ಆದರೆ ಚೌಕ ಅವನನ್ನು ಹೀಗೆ ಎಂದೂ ಕಂಡಿರಲಿಲ್ಲ. ಕೆಳಗೆ ಪ್ರವಾಸಿಗರು, ಅವರ ಮುಂದೆ ಪೆನ್ನು ಹಿಡಿದ ಸಾಹೇಬರು, ಹಿಂದೆ ಅಂಗಡಿಗಳನ್ನು ಅರ್ಧ ಮುಚ್ಚಿ ಬಂದ ಇಡೀ ಬೀದಿ. ದರ್ಜಿಯ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದು ಬುಟ್ಟಿಯಲ್ಲಿ ನೀರು ನಿಂತಷ್ಟೇ ಹೊತ್ತು.

ಅವನು ಎಡಕ್ಕೆ ಕತ್ತು ತಿರುಗಿಸಿದ. ಬಲಕ್ಕೆ ತಿರುಗಿಸಿದ. ಸಲಾಮು ಹೊಡೆದ. ಕಂಕುಳಲ್ಲಿ ಒಂದು ಹೊಲಿಗೆ ಪಟ್ಟೆಂದಿತು. ಮೈಕಿನಲ್ಲಿ ಭಾಮೈದ ಮೊಳಗುತ್ತಿದ್ದ.

“ನೋಡಿ, ಆ ಮುಖದಲ್ಲಿ ಎಂಥ ವೀರಕಳೆ! ಶತ್ರುಗಳನ್ನ ಬರೀ ನೋಟದಿಂದ ಓಡಿಸಿದ ಸೇನಾಪತಿಯ ಪ್ರತಿರೂಪ ಇದು!”

“ಹೋದ ವಾರ ನಮ್ಮ ಬೀದಿ ನಾಯಿ ಕಂಡು ಮರ ಹತ್ತಿದ್ನಲ್ಲ,” ಎಂದಿತು ಹಿಂದಿನಿಂದ ತರಕಾರಿಯವಳ ದನಿ.

ಗಂಟೆಯಣ್ಣ ಗಂಟೆ ಬಡಿಯತೊಡಗಿದ. ಒಂದು, ಎರಡು, ಮೂರು ಎಂದು ಮನಸ್ಸಿನಲ್ಲೇ ಎಣಿಸುತ್ತ ಎಂಟರವರೆಗೆ ಕ್ಷೇಮವಾಗಿ ತಲುಪಿದ್ದ. ಆಗ ದರ್ಜಿ ಕೆಳಗಿನಿಂದ ಕೂಗಿದ: “ಹೊಟ್ಟೆ ಒಳಗೆ ಎಳ್ಕೋ! ಗುಂಡಿ ಕಿತ್ಕೊಂಡು ಬರ್ತಿದೆ!” ಗಂಟೆಯಣ್ಣ ಹೊಟ್ಟೆ ಎಳೆದುಕೊಂಡ; ಎಣಿಕೆ ಬಿಟ್ಟುಕೊಟ್ಟ. ಅಂದಾಜಿನ ಮೇಲೆ ಉಳಿದದ್ದನ್ನು ಬಡಿದು ನಿಲ್ಲಿಸಿದ.

ಸಾಹೇಬರು ತಲೆಯೆತ್ತಿದರು.

“ಹದಿಮೂರು ಬಡೀತಲ್ಲ?”

“ಅಧಿಕ ವರ್ಷ ಸಾರ್,” ಎಂದ ಭಾಮೈದ, ಉಸಿರು ತೆಗೆದುಕೊಳ್ಳದೆ. “ಅಧಿಕ ವರ್ಷದಲ್ಲಿ ಒಂದು ಜಾಸ್ತಿ.”

“ಓಹೋ, ಅಷ್ಟು ನಿಖರವಾಗಿದೆಯಾ!” ಸಾಹೇಬರ ಹುಬ್ಬು ಮೇಲೇರಿತು.

ಇನ್ನು ಒಳಗೆ ಸರಿದುಬಿಟ್ಟರೆ ಎಲ್ಲ ಮುಗಿದಂತೆ. ಹೆಂಡತಿ ಚಕ್ರವನ್ನು ಹಿಂದಕ್ಕೆ ತಿರುಗಿಸಲು ಹಿಡಿಕೆಗೆ ಕೈ ಹಾಕಿದಳು.

“ಆ ಕಡೆ ಅಲ್ಲ ಕಣೇ, ಈ ಕಡೆ,” ಎಂದರು ಅತ್ತೆ.

“ಈ ಕಡೆನೇ ಅಮ್ಮ, ದಿನಾ ನೋಡ್ತೀನಿ.”

“ಇಪ್ಪತ್ತೈದು ವರ್ಷ ಬಾವಿ ಗಡಗಡೆ ಸೇದಿದೀನಿ, ನಂಗೆ ಹೇಳ್ಕೊಡ್ಬೇಡ. ಬಿಡು ಇಲ್ಲಿ!”

ಮಗಳು ಒಂದು ಕಡೆ, ತಾಯಿ ಇನ್ನೊಂದು ಕಡೆ. ಎರಡು ಸಮಬಲಗಳ ನಡುವೆ ಚಕ್ರ ಅಲುಗಲಿಲ್ಲ, ಹಿಡಿಕೆ ಅಲುಗಿತು. ಆಮೇಲೆ ಅದು ಕಳಚಿಕೊಂಡು ಅತ್ತೆಯ ಕೈಯಲ್ಲೇ ಉಳಿಯಿತು. ಹೊರಗೆ ಗಂಟೆಯಣ್ಣ ಹಲಗೆಯ ಮೇಲೆ, ಒಗೆದು ಒಣಹಾಕಿ ಮರೆತುಬಿಟ್ಟ ಬಟ್ಟೆಯಂತೆ ನಿಂತೇ ಇದ್ದ.

ಬಿಸಿಲು ನೆತ್ತಿಯ ಮೇಲಿತ್ತು. ಮೀಸೆ ಕರಗತೊಡಗಿತು. ಪಾರಿವಾಳವೊಂದು ಬಂದು ಟೋಪಿಯ ಮೇಲೆ ಕೂತು, ಸುತ್ತ ನೋಡಿ, ತನ್ನ ಕೆಲಸ ಮುಗಿಸಿಕೊಂಡು ಹಾರಿಹೋಯಿತು. ಗಂಟೆಯಣ್ಣ ಮಿಸುಕಲಿಲ್ಲ. ಆ ಎರಡು ಕೋಣೆಗಳನ್ನು ನೆನೆದುಕೊಂಡ.

“ಯಾಕೆ ಒಳಗೆ ಹೋಗ್ತಿಲ್ಲ?” ಸಾಹೇಬರು ಕೇಳಿದರು.

“ನಿಮ್ಮಂಥ ದೊಡ್ಡವರು ಬಂದಾಗ ಬೆನ್ನು ತೋರಿಸಲ್ಲ ಸಾರ್. ಹಳೇ ಕಾಲದ ಮರ್ಯಾದೆ.”

ಸಾಹೇಬರಿಗೆ ಈ ಮಾತು ಬಹಳ ಹಿಡಿಸಿತು. ಹಿಡಿಸಿದ್ದೇ ತಪ್ಪಾಯಿತು. “ಹಾಗಾದ್ರೆ ನಾನೇ ಹತ್ತಿರ ಹೋಗಿ ನೋಡ್ತೀನಿ,” ಎಂದು ಅವರು ಮೆಟ್ಟಿಲು ಹತ್ತಲು ಹೊರಟರು. ಬೆನ್ನು ತೋರಿಸದ ಸಿಪಾಯಿಯನ್ನು ನೋಡಲು ಅವರು ಹೋಗುತ್ತಿದ್ದದ್ದು ಬೆನ್ನಿನ ಕಡೆಯಿಂದಲೇ.

ಅವರು ಏದುಸಿರು ಬಿಡುತ್ತ ಗೂಡಿಗೆ ಬಂದಾಗ ಎದುರಿಗೆ ಇಬ್ಬರು ಹೆಂಗಸರು ನಿಂತಿದ್ದರು. ಒಬ್ಬರ ಕೈಯಲ್ಲಿ ಕಬ್ಬಿಣದ ಹಿಡಿಕೆ.

“ಇದೇನು?”

“ಹಿಟ್ಟು ಬೀಸೋದರ ಹಿಡಿ,” ಎಂದರು ಅತ್ತೆ. “ಅಡಿಗೆ ಅರ್ಧಕ್ಕೆ ಬಿಟ್ಟು ಬಂದೆ.”

ಸಾಹೇಬರು ತಲೆಯಾಡಿಸಿ, ಬಾಗಿಲಿನಿಂದ ಹೊರಗೆ ಬಗ್ಗಿ ಸಿಪಾಯಿಯ ಬೆನ್ನು ನೋಡಿದರು. ಸೀಳಿದ ಕೋಟು, ಅಡ್ಡಡ್ಡ ದಾರ, ನಡುವೆ ಬನಿಯನ್ನು. ಗಂಟೆಯಣ್ಣನ ಬೆನ್ನಿನಲ್ಲಿ ಬೆವರು ಸಾಲುಗಟ್ಟಿ ಇಳಿಯಿತು.

“ಒಳಗೆ ಹಾಕಿರೋದು ಏನಿದು?”

ಸಾಹೇಬರ ಬೆನ್ನಿಗೇ ಮೆಟ್ಟಿಲು ಹತ್ತಿ ಬಂದಿದ್ದ ಭಾಮೈದ ಮುಂದೆ ಬಂದ. “ಅದು... ಕವಚದ ಒಳಗೆ ತೊಡ್ತಿದ್ದ ಹತ್ತಿ ಅಂಗಿ ಸಾರ್. ಆಗಿನ ಕಾಲದ್ದೇ.”

ಸಾಹೇಬರು ಒಂದು ತೂತಿನಲ್ಲಿ ಬೆರಳು ತೂರಿಸಿ ಬಟ್ಟೆಯನ್ನು ಉಜ್ಜಿ ನೋಡಿದರು. “ಹೌದು. ಇಷ್ಟು ಜೀರ್ಣ ಆಗ್ಬೇಕಾದ್ರೆ ಇನ್ನೂರು ವರ್ಷನಾದ್ರೂ ಬೇಕು.”

ಹೆಂಡತಿ ಗಂಡನ ಬೆನ್ನನ್ನು ಸುಡುವಂತೆ ನೋಡಿದಳು.

ಅನಂತರ ಸಾಹೇಬರು ಪೆನ್ನಿನಿಂದ ಸಿಪಾಯಿಯ ತಲೆಯನ್ನು ತಟ್ಟಿದರು. “ಟೊಳ್ಳು,” ಎಂದರು. ಅತ್ತೆ ಮೊದಲ ಬಾರಿಗೆ ಅವರನ್ನು ಗೌರವದಿಂದ ನೋಡಿದರು. ಸಾಹೇಬರು ಕಿವಿ ಹಿಡಿದು ಜಗ್ಗಿದರು, ಬದಿಯಿಂದ ಇಣುಕಿ ಮುಖ ಪರೀಕ್ಷಿಸಿದರು.

“ಕೆಲಸ ಚೆನ್ನಾಗಿದೆ. ಆದ್ರೆ ಕೆತ್ತಿದವನಿಗೆ ಮನುಷ್ಯರ ಪರಿಚಯ ಕಡಿಮೆ. ಇಷ್ಟು ದಪ್ಪ ಮೂಗು ಯಾರಿಗಿರುತ್ತೆ?”

“ಅದು ಅವರ ಅಪ್ಪನ ಕಡೆ ಮೂಗು ಸಾರ್,” ಹೆಂಡತಿಯ ಬಾಯಿಯಿಂದ ಜಾರಿಬಿಟ್ಟಿತು.

“ಯಾರ ಅಪ್ಪನ ಕಡೆ?”

“ಕೆತ್ತಿದವರ,” ಎಂದಳು ಅವಳು, ನಾಲಿಗೆ ಕಚ್ಚಿಕೊಂಡು.

ಸಾಹೇಬರು ನೆಟ್ಟಗೆ ನಿಂತು ಸುತ್ತ ನೋಡಿದರು. “ಅದಿರಲಿ. ಇಲ್ಲಿನ ಕಾವಲುಗಾರ ಎಲ್ಲಿ?”

ಭಾಮೈದ ಅಕ್ಕನ ಮುಖ ನೋಡಿದ. ಅಕ್ಕ ಅಮ್ಮನ ಮುಖ ನೋಡಿದಳು. ಅತ್ತೆಗೆ ಈ ಪ್ರಶ್ನೆಯ ಉತ್ತರ ಬಹಳ ವರ್ಷಗಳಿಂದ ಬಾಯಿಪಾಠವಾಗಿತ್ತು.

“ಅವರಾ? ಅವರು ಇದ್ರೂ ಒಂದೇ, ಇಲ್ದೇ ಇದ್ರೂ ಒಂದೇ.”

“ಅಂದ್ರೆ ಇವತ್ತು ಇಲ್ವಾ?”

“ನಿಮ್ಮ ಕಣ್ಣಿಗೆ ಕಾಣ್ತಿದಾರಾ?”

“ಇಲ್ಲ.”

“ಮತ್ತೆ?”

“ಹಾಗಾದ್ರೆ ಇದನ್ನೆಲ್ಲ ನೋಡ್ಕೊಳ್ಳೋರು ಯಾರಮ್ಮ?”

ಅತ್ತೆ ನಿಟ್ಟುಸಿರಿಟ್ಟು ಸಿಪಾಯಿಯ ಬೆನ್ನಿನತ್ತ ಕೈ ತೋರಿಸಿದರು. “ಇನ್ಯಾರು? ನಾನೇ. ನೆಟ್ಟಗೆ ನಿಲ್ಸೋದೂ ನಾನೇ, ಮುಖ ಒರೆಸಿ ಬಣ್ಣ ಹಚ್ಚೋದೂ ನಾನೇ. ಬಿಟ್ರೆ ಎಲ್ಲಿ ಇಟ್ಟಿರ್ತೀವೋ ಅಲ್ಲೇ ಇರುತ್ತೆ.”

ಅತ್ತೆಯ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಮಾತು ಮುಗಿಸಿದ ಸಂತೋಷಕ್ಕೆ ಅವರು ಡಬ್ಬಿ ತೆರೆದು ನಸ್ಯ ಏರಿಸಿ ಕೈ ಕೊಡವಿದರು. ಚೌಕದ ಕಡೆ ಗಾಳಿ ಬೀಸುತ್ತಿತ್ತು.

ಗಂಟೆಯಣ್ಣನ ಮೂಗಿನ ತುದಿಯಲ್ಲಿ ಏನೋ ನವಿರಾಗಿ ಕದಲಿತು. ಅವನು ಹಲ್ಲು ಕಚ್ಚಿದ. ಕಣ್ಣುಗಳಲ್ಲಿ ನೀರು ತುಂಬಿತು. ಕೆನ್ನೆಯ ಕೆಂಪು ನಿಜವಾದ ಕೆಂಪಾಯಿತು. ಚೌಕದಲ್ಲಿ ಬೀದಿಯವರೆಲ್ಲ ತಂತಮ್ಮ ಮೂಗು ಹಿಡಿದುಕೊಂಡರು, ತಾವು ಹಿಡಿದರೆ ಅವನದು ನಿಲ್ಲುವುದೆಂಬ ನಂಬಿಕೆಯಿಂದ.

ನಿಲ್ಲಲಿಲ್ಲ.

ಆ ಸೀನಿಗೆ ಗಂಟೆಯೇ ಒಮ್ಮೆ ಮಿಡಿಯಿತು. ಅರ್ಧ ಮೀಸೆ ಹಾರಿ ಹೋಯಿತು. ಗೋಪುರದ ಅಂಚಿನಲ್ಲಿ ಸಾಲಾಗಿ ಕೂತಿದ್ದ ಪಾರಿವಾಳಗಳು ಒಟ್ಟಿಗೆ ಎದ್ದವು. ಸಾಹೇಬರ ಪೆನ್ನು ಕೈ ತಪ್ಪಿ ಚೌಕಕ್ಕೆ ಬಿತ್ತು.

ಮುಗಿಯಿತು ಎಂದುಕೊಂಡ ಗಂಟೆಯಣ್ಣ. ಮುಗಿಯಿತು ಎಂದುಕೊಂಡಳು ಹೆಂಡತಿ. ಭಾಮೈದ ಮಾತ್ರ ಕಣ್ಣು ಮುಚ್ಚಿ ಮೈಕು ಬಾಯಿಗೆ ಹಿಡಿದ.

“ಇದೇ ಈ ಯಂತ್ರದ ಪರಮ ರಹಸ್ಯ! ಎದೆಯೊಳಗೆ ತಿದಿ ಇಟ್ಟಿದಾರೆ. ಗಾಳಿ ಜಾಸ್ತಿ ಆದಾಗ ಮೂಗಿನ ಮೂಲಕ ಹೊರಗೆ ಬಿಡುತ್ತೆ. ಹತ್ತು ವರ್ಷಕ್ಕೊಮ್ಮೆ ಕಂಡರೆ ಹೆಚ್ಚು. ನಿಮ್ಮ ಭಾಗ್ಯ!”

ಪ್ರವಾಸಿಗರು ಚಪ್ಪಾಳೆ ತಟ್ಟಿದರು, ಸಿಳ್ಳೆ ಹಾಕಿದರು, “ಇನ್ನೊಂದ್ಸಲ! ಇನ್ನೊಂದ್ಸಲ!” ಎಂದು ಕುಣಿದರು. ಗಾಳಿ ಇನ್ನೂ ಬೀಸುತ್ತಿದ್ದುದರಿಂದ ಗಂಟೆಯಣ್ಣ ಅವರಿಗೆ ನಿರಾಶೆ ಮಾಡಲಿಲ್ಲ. ಎರಡನೆಯ ಸೀನಿಗೆ ತರಕಾರಿಯವಳೂ ಚಪ್ಪಾಳೆ ಹೊಡೆದಳು.

ಸಾಹೇಬರು ಭಾಮೈದನೊಡನೆ ಕೆಳಗಿಳಿದು ಬಂದು, ಬಿದ್ದ ಪೆನ್ನು ಎತ್ತಿಕೊಂಡು, ಅವನ ಕೈಯಿಂದ ಮೈಕು ತೆಗೆದುಕೊಂಡರು. ಮುಖದಲ್ಲಿ ಉದ್ಘಾಟನೆಯ ಕಳೆ ಇತ್ತು.

“ಈ ಗೋಪುರ ಉಳಿಯುತ್ತೆ,” ಎಂದರು.

ಬೀದಿಗೆ ಬೀದಿಯೇ ಕೇಕೆ ಹಾಕಿತು. ಮೇಲೆ ಗಂಟೆಯಣ್ಣನ ಎದೆ ಉಬ್ಬಿ, ಬೆನ್ನಿನ ದಾರವೂ ಒಂದು ಕಡೆ ಕಿತ್ತಿತು.

“ಉಳಿಯೋದಷ್ಟೇ ಅಲ್ಲ, ಇನ್ಮೇಲೆ ನಮ್ಮ ಊರಿನ ಮುಖ್ಯ ಆಕರ್ಷಣೆ ಇದೇ. ಸಿಪಾಯಿ ದಿನಾ ಹೊರಗೆ ಬಂದು ಸೀನ್ಬೇಕು. ಸೀನಿಲ್ಲದೆ ದರ್ಶನ ಇಲ್ಲ.” ಸಾಹೇಬರು ಗಂಟಲು ಸರಿಮಾಡಿಕೊಂಡರು. “ಇನ್ನೊಂದು ವಿಷಯ. ಕಾವಲುಗಾರ ಇವತ್ತು ಕೆಲಸಕ್ಕೆ ಬಂದೇ ಇಲ್ಲ. ಆದ್ರೂ ಯಂತ್ರ ಇಷ್ಟು ಚೆನ್ನಾಗಿ ನಡೀತು. ಅಂದ್ಮೇಲೆ ಅಂಥವನ ಅಗತ್ಯ ಏನಿದೆ? ಈ ಕ್ಷಣದಿಂದ ಅವನನ್ನ ಕೆಲಸದಿಂದ ತೆಗೆದಿದೀನಿ.”

ಚಪ್ಪಾಳೆ ನಡುವಿನಲ್ಲೇ ನಿಂತಿತು. ಬೀದಿಯ ಅಷ್ಟೂ ತಲೆಗಳು ಒಟ್ಟಿಗೆ ಮೇಲಕ್ಕೆ ತಿರುಗಿದವು. ಗಂಟೆಯಣ್ಣ ಹುಟ್ಟಿದಾಗಿನಿಂದ ಅಷ್ಟು ಸ್ಪಷ್ಟವಾಗಿ ಎಲ್ಲಿಯೂ ಹಾಜರಿರಲಿಲ್ಲ. ‘ಇದ್ದೇನೆ ಸಾರ್’ ಎಂದು ಕೂಗಲು ಬಾಯಿ ತೆರೆದ. ಕೂಗಿದರೆ ಸಿಪಾಯಿ ಹೋಗುತ್ತದೆ, ಸಿಪಾಯಿ ಹೋದರೆ ಗೋಪುರ, ಗೋಪುರ ಹೋದರೆ ಕೋಣೆ. ಅವನು ಬಾಯಿ ಮುಚ್ಚಿಕೊಂಡ.

“ಬಾಯಿ ಕೂಡ ಆಡುತ್ತೆ!” ಎಂದ ಒಬ್ಬ ಪ್ರವಾಸಿಗ, ಫೋಟೊ ತೆಗೆಯುತ್ತ.

“ಆ ಜಾಗಕ್ಕೆ,” ಸಾಹೇಬರು ಮುಂದುವರಿಸಿದರು, “ಇಷ್ಟು ವರ್ಷ ಯಾರ ಮೆಚ್ಚುಗೆಯನ್ನೂ ಬಯಸದೆ ಈ ಸಿಪಾಯಿಯನ್ನ ನೋಡ್ಕೊಂಡು ಬಂದ ಅಜ್ಜಿಯವರನ್ನ ನೇಮಿಸ್ತಿದೀನಿ. ಕೋಣೆಗಳೂ ಅವರ ಹೆಸರಿಗೇ.”

ಗೋಪುರದ ಬಾಗಿಲಲ್ಲಿ ಅತ್ತೆ ಕೈ ಮುಗಿದರು. ಭಾಮೈದ ಕೆಳಗಿನಿಂದ ಕೈಸನ್ನೆ ಮಾಡಿದ. ಗಂಟೆಯಣ್ಣ ಸಲಾಮು ಹೊಡೆದ.

ಬಸ್ಸು ಹೋದ ಮೇಲೆ ಬಡಗಿಯೂ ದರ್ಜಿಯೂ ಅವನ ಸೊಂಟಕ್ಕೆ ಹಗ್ಗ ಹಾಕಿ, ಹಲಗೆಸಮೇತ ಒಳಗೆ ಎಳೆದುಕೊಂಡರು.

ಸಂಜೆಗೆ ಬಡಗಿ ಕೊಟ್ಟ ಮಾತಿನಂತೆ ಮರದ ಸಿಪಾಯಿಯನ್ನು ತಂದು ನಿಲ್ಲಿಸಿದ. ಕತ್ತು ನೆಟ್ಟಗಾಗಿತ್ತು, ಕಾಲು ಹೊಸದಾಗಿತ್ತು. ಕಳಚಿದ್ದ ಹಿಡಿಕೆಯನ್ನೂ ಚಕ್ರಕ್ಕೆ ಬಿಗಿದು ಕೊಟ್ಟ. ಗಂಟೆಯಣ್ಣನಿಗೆ ಹೋದ ಜೀವ ಬಂದಂತಾಯಿತು.

“ಸದ್ಯ! ನಾಳೆಯಿಂದ ಇವನೇ ನಿಂತ್ಕೋತಾನೆ.”

ಹೊಸ ಕಾವಲುಗಾರ್ತಿ ಸಿಪಾಯಿಯ ಸುತ್ತ ಒಂದು ಸುತ್ತು ಬಂದರು. “ಸೀನ್ತಾನಾ?”

ಬಡಗಿ ಗಲ್ಲ ಕೆರೆದುಕೊಂಡ. “ತಲೆ ಆಡಿಸ್ತಾನೆ, ಕೈ ಎತ್ತುತ್ತಾನೆ. ಸೀನೋದು ಮರದಲ್ಲಿ ಬರಲ್ಲ ಅಜ್ಜಿ.”

“ಹಾಗಾದ್ರೆ ಮೂಲೇಲಿ ಕೂರ್ಸು. ಮೊದಲ್ನೇ ಸಲ ಈ ಮನೇಲಿ ಗಲಾಟೆ ಮಾಡದ ಗಂಡಸು ಒಬ್ಬ ಇರ್ಲಿ.”

ಮರುದಿನ ಹನ್ನೆರಡಕ್ಕೆ ಮುಂಚೆ ಚೌಕದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮರದ ಸಿಪಾಯಿ ಕೆಳಗಿನ ಕೋಣೆ‌ಯ ಕಿಟಕಿಯ ಬಳಿ, ಗಂಟೆಯಣ್ಣನ ಕುರ್ಚಿಯಲ್ಲಿ ಕೂತು ತಣ್ಣಗೆ ಬೀದಿ ನೋಡುತ್ತಿದ್ದ. ಗೂಡಿನೊಳಗೆ ಗಂಟೆಯಣ್ಣ ಹಲಗೆಯ ಮೇಲೆ ನಿಂತಿದ್ದ. ಹೆಂಡತಿ ಚಕ್ರದ ಬಳಿ ಇದ್ದಳು. ಅತ್ತೆ ಸೊಂಟಕ್ಕೆ ಬೀಗದಕೈ ಗೊಂಚಲು ಸಿಕ್ಕಿಸಿಕೊಂಡು, ಅದೇ ಹಳೆಯ ಬಟ್ಟೆಯಿಂದ ಅವನ ಬೂಟು ಒರೆಸಿದರು.

“ಅತ್ತೆ, ಒಂದು ಲೋಟ ನೀರು...”

“ಬಾಯ್ಮುಚ್ಚು. ಬೊಂಬೆ ಮಾತಾಡಬಾರದು.”

ಗಂಟೆಯಣ್ಣ ಬೆಚ್ಚಿಬಿದ್ದ. “ನಿನ್ನೆ ತನಕ ಅಳಿಯಂದಿರು, ನೀವು, ತಾವು ಅಂತಿದ್ರಲ್ಲ?”

“ನಿನ್ನೆ ತನಕ ನಿಮ್ಮನೇಲಿದ್ದೆ,” ಎಂದರು ಅತ್ತೆ. “ಈಗ ಸರ್ಕಾರಿ ಸಾಮಾನು ನನ್ನ ವಶದಲ್ಲಿದೆ. ಮೂಗು ಎತ್ತು.”

ಅವನು ಎತ್ತಿದ. ಅತ್ತೆ ಡಬ್ಬಿ ತೆರೆದು, ಎಲ್ಲಕ್ಕೂ ಮೂಲವಾದ ಆ ಒಂದು ಚಿಟಿಕೆಯನ್ನು ಎಚ್ಚರದಿಂದ ಅಳೆದು ಏರಿಸಿದರು. ಹೆಂಡತಿ ಚಕ್ರ ತಿರುಗಿಸಿದಳು. ಬಾಗಿಲು ತೆರೆಯಿತು, ಹೊರಗಿನ ಬೆಳಕು ಮುಖಕ್ಕೆ ಬಿತ್ತು, ಜನ ಹೋ ಎಂದರು. ಗಂಟೆಯಣ್ಣ ಕತ್ತು ತಿರುಗಿಸುವ ಮೊದಲೇ, ಸಲಾಮು ಹೊಡೆಯುವ ಮೊದಲೇ, ಒಂದು ಗಂಟೆಯನ್ನೂ ಬಡಿಯುವ ಮೊದಲೇ ಸೀನಿಬಿಟ್ಟ.

ಹಿಂದಿನ ಕತ್ತಲಿನಿಂದ ಕಾವಲುಗಾರ್ತಿಯ ದನಿ ತಣ್ಣಗೆ ಬಂತು.

“ಶಿಸ್ತೇ ಇಲ್ಲ. ಸಾಹೇಬರಿಗೆ ಹೇಳಿ ಬೇರೆ ಬೊಂಬೆ ತರಿಸ್ಬೇಕು.”